ನಮ್ಮ ಹುಳದ ಮನೆಯಲ್ಲಿ ಸರ್ಕಾರಿ ಇರುವೆ

ನಂಬುವವರು ಕೂತುಕೊಳ್ಳಿ, ನಂಬದವರು ಈಗಲೇ ಎದ್ದು ಹೋಗಿ. ಅರ್ಧ ಕೇಳಿ "ಬಿಡು ಬಿಡು, ರೈಲು ಬಿಡು" ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಂಥವರು ಬೇಕಾದರೆ ವಿಜಯಪುರಕ್ಕೆ ಬರಲಿ, ಹಲಗೆ ಇನ್ನೂ ಬಾಗಿಲ ಮೇಲೇ ಇದೆ, ಓದಿಕೊಳ್ಳಲಿ.

ಸಂಗತಿ ಇದು. ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ದೇವನಹಳ್ಳಿ ತಾಲ್ಲೂಕು ವಿಜಯಪುರದಲ್ಲಿ, ಸರ್ಕಾರವು ಇರುವೆಗಳಿಂದ ರೇಷ್ಮೆ ತೆಗೆಯಿತು. ಹುಳದಿಂದಲ್ಲ, ಇರುವೆಯಿಂದ. ಆ ಇರುವೆಗಳ ಪಾಲಕನಾಗಿದ್ದವನು ನಾನು, ಚಿಕ್ಕಬೀರಪ್ಪ, ಲೋಯರ್ ಸೆಕೆಂಡರಿ ಪಾಸು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಮೊದಲ ಸಲಕ್ಕೇ ಪಾಸಾದ ಗಂಡಸು ನಾನೊಬ್ಬನೇ. ಹೆಂಗಸರು ಯಾರೂ ಪರೀಕ್ಷೆಗೆ ಕಟ್ಟಿರಲಿಲ್ಲ.

ಇರುವೆ ನಮ್ಮ ಕಡೆಯದಲ್ಲ. ಜಪಾನಿನವರು ಬರ್ಮಾಕ್ಕೆ ನುಗ್ಗಿದಾಗ ಅಲ್ಲಿಂದ ಕಾಡು ದಾರಿ ಹಿಡಿದು ನಡೆದು ಬಂದ ಒಬ್ಬ ಇಂಗ್ಲಿಷ್ ದೊರೆ, ಬಂಗಲೆ ಬಿಟ್ಟ, ಹೆಂಡತಿಯ ಪಿಯಾನೋ ಬಿಟ್ಟ, ಆದರೆ ಒಂದು ಹಿತ್ತಾಳೆ ಟಿಫನ್ ಕ್ಯಾರಿಯರನ್ನು ಮಾತ್ರ ಬಿಡಲಿಲ್ಲ. ಅದರೊಳಗೆ ಬರ್ಮಾ ಕಾಡಿನ ಒಂದು ಜಾತಿಯ ಇರುವೆ. ಕಪ್ಪು ಮೈ, ಬೆನ್ನ ಮೇಲೆ ಎರಡು ಕೊಕ್ಕೆ. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ಅದನ್ನು ಕಣ್ಣಾರೆ ಕಂಡವರೇ ಲೋಕದಲ್ಲಿ ಮೂರು ಮತ್ತೊಂದು ಜನ. ಈ ಇರುವೆ ತನ್ನ ಮರಿಗಳ ಬಾಯಿಂದ ಎಳೆ ಹೊರಡಿಸಿ, ಎಲೆಗೆ ಎಲೆ ಹೊಲಿದು, ಮರದ ಮೇಲೆ ಗೂಡು ಕಟ್ಟುತ್ತದೆ ಎಂದು ದೊರೆ ಬೆಂಗಳೂರು ದಂಡಿನ ಒಂದು ಕ್ಲಬ್ಬಿನಲ್ಲಿ ಕೂತು ಹೇಳಿದ. ಹೇಳಿದವನು ಗ್ಲಾಸು ಮುಗಿಸಿ, ಕ್ಯಾರಿಯರನ್ನು ಮೇಜಿನ ಮೇಲೇ ಮರೆತು, ಊಟಿಯ ರೈಲು ಹತ್ತಿದ. ಮತ್ತೆ ಬರಲಿಲ್ಲ.

ಎಳೆ ಎಂದ ಮೇಲೆ ರೇಷ್ಮೆ. ರೇಷ್ಮೆ ಎಂದ ಮೇಲೆ ಪ್ಯಾರಾಚೂಟು. ಪ್ಯಾರಾಚೂಟು ಎಂದ ಮೇಲೆ ಯುದ್ಧ, ಯುದ್ಧ ಎಂದ ಮೇಲೆ ಸರ್ಕಾರ. ಹುಳ ಸಾಕುವುದಕ್ಕೆ ಹೊಲಗಟ್ಟಲೆ ಹಿಪ್ಪುನೇರಳೆ ಸೊಪ್ಪು ಬೇಕು, ಇರುವೆಗಾದರೆ ಚಿಟಿಕೆ ಸಕ್ಕರೆ ಸಾಕು ಎಂದು ಮೇಲಿನವರು ಯಾರೋ ಯೋಚಿಸಿದರು. ಕ್ಲಬ್ಬಿನ ಮೇಜಿನಿಂದ ಕ್ಯಾರಿಯರನ್ನು ತರಿಸಿಕೊಂಡರು. ಹೀಗೆ 'ಪಿಪೀಲಿಕಾ ರೇಷ್ಮೆ ಕಚೇರಿ' ಹುಟ್ಟಿತು. ವಿಜಯಪುರದಲ್ಲಿ ಮನೆಮನೆಗೂ ರೇಷ್ಮೆ ಇರುವುದರಿಂದ, ಇರುವೆಗಳಿಗೆ ಆ ವಾತಾವರಣದಲ್ಲಿ ರೇಷ್ಮೆ ಕೆಲಸದ ಮೇಲೆ ಮನಸ್ಸು ಬರಬಹುದು ಎಂಬ ಕಾರಣಕ್ಕೆ ಕಚೇರಿಯನ್ನು ನಮ್ಮೂರಿಗೇ ಕೊಟ್ಟರು.

ಸೂಪರಿಂಟೆಂಡೆಂಟಾಗಿ ಬಂದವರು ಆದಿನಾರಾಯಣಪ್ಪನವರು. ಕೋಟು, ಜರಿ ಪೇಟ, ಎಡಗೈಯಲ್ಲಿ ನಶ್ಯದ ಡಬ್ಬಿ. ಇರುವೆಗಳಿಗೆ ತಕ್ಕ ಮನೆ ಹುಡುಕುತ್ತ ಅವರು ಊರೆಲ್ಲ ಸುತ್ತಿ, ಕೊನೆಗೆ ರೇಷ್ಮೆ ಹುಳ ಸಾಕುವ ನಮ್ಮ ಹುಳದ ಮನೆಯ ಮುಂದೆ ನಿಂತರು. ಅಪ್ಪ ಸತ್ತ ಮೇಲೆ ನಮ್ಮವ್ವ ನರಸಮ್ಮ ತಾನೇ ಮಣ್ಣು ತುಳಿದು ಗೋಡೆ ಎಬ್ಬಿಸಿದ ಮನೆ ಅದು. ನಾವು ಮಲಗುವ ಮನೆ ಸೋರುತ್ತಿತ್ತು, ಹುಳದ ಮನೆ ಸೋರುತ್ತಿರಲಿಲ್ಲ. ಅವ್ವನ ಲೆಕ್ಕದಲ್ಲಿ ಮೊದಲು ಹುಳ, ಆಮೇಲೆ ನಾನು.

ಒಳಗೆ ಹುಳದ ತಟ್ಟೆ ಜೋಡಿಸುವ ಮರದ ಅಟ್ಟಣಿಗೆ. ಅದರ ನಾಲ್ಕು ಕಾಲುಗಳೂ ನಾಲ್ಕು ಕಲ್ಲು ಬಟ್ಟಲುಗಳಲ್ಲಿ ನಿಂತಿದ್ದವು. ಬಟ್ಟಲ ತುಂಬ ನೀರು. ಆದಿನಾರಾಯಣಪ್ಪನವರು ಬಗ್ಗಿ ನೋಡಿದರು.

"ಇದೇನಮ್ಮ, ಮಂಚಕ್ಕೆ ಪಾದಪೂಜೆ?"

"ಇರುವೆ ಹತ್ತಬಾರ್ದು ಅಂತ ಸ್ವಾಮಿ," ಅಂದಳು ಅವ್ವ. "ಹತ್ತಿದ್ರೆ ಎಳೇ ಹುಳಾನೆಲ್ಲ ಹೊತ್ಕಂಡೋಗ್ತವೆ. ನೀರು ದಾಟಕ್ಕಿಲ್ಲ ಅವು."

"ದಾಟೋದೇ ಇಲ್ವಾ?"

"ಸತ್ರೂ ದಾಟಕ್ಕಿಲ್ಲ."

ಆದಿನಾರಾಯಣಪ್ಪನವರು ಒಂದು ಚಿಟಿಕೆ ನಶ್ಯ ಏರಿಸಿದರು, ಸೀನಿದರು, ಕಣ್ಣು ಒರೆಸಿಕೊಂಡರು. "ಒಳಗೆ ಬರೋಕೆ ಆಗದ ಇರುವೆ, ಒಳಗಿದ್ದರೆ ಹೊರಗೆ ಹೋಗೋಕೂ ಆಗಬಾರದು. ಅಲ್ವೇನಮ್ಮ? ಇದು ಮನೆಯಲ್ಲ, ಇರುವೆಯ ಸೆಂಟ್ರಲ್ ಜೈಲು," ಅಂದರು. ಮಾರನೆಯ ದಿನ ತಮಟೆಯವನು ನಮ್ಮ ಬಾಗಿಲಲ್ಲೇ ನಿಂತು ಬಡಿದ:

"ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ನರಸಮ್ಮ ಕೋಂ ದಿವಂಗತ ಬೀರಣ್ಣ ಇವರ ಹುಳದ ಮನೆಯನ್ನು ಯುದ್ಧ ಪ್ರಯತ್ನದ ಸಲುವಾಗಿ ಅಟ್ಟಣಿಗೆ, ಬಟ್ಟಲು ಮತ್ತು ಒಳಗಿನ ತಂಪು ಸಮೇತ ವಶಪಡಿಸಿಕೊಳ್ಳಲಾಗಿದೆ. ಸದರಿ ಮನೆಯನ್ನು ಇರುವೆಗಳು ಖಾಲಿ ಮಾಡಿದ ಕೂಡಲೇ ಹಿಂತಿರುಗಿಸಲಾಗುವುದು."

ಬಾಗಿಲ ಮೇಲೆ ಹಲಗೆ ಬಿತ್ತು. *ಸಂರಕ್ಷಿತ ಇರುವೆ ಪ್ರದೇಶ. ಇರುವೆಯಲ್ಲದವರಿಗೆ ಪ್ರವೇಶವಿಲ್ಲ.*

ಅವ್ವ ಅಂಗಳದಲ್ಲಿ ಕೂತು ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಪಕ್ಕದಲ್ಲೇ ನೂಲು ಬಿಚ್ಚುವ ಒಲೆಗಳನ್ನಿಟ್ಟಿದ್ದ ಅಬ್ದುಲ್ ರಜಾಕ್ ಸಾಬರು ಬಂದರು. ನಮ್ಮ ಗೂಡುಗಳನ್ನು ಕೊಂಡು ಬಿಸಿನೀರಿಗೆ ಹಾಕಿ ಎಳೆ ತೆಗೆಯುತ್ತಿದ್ದವರು ಅವರೇ. ಅವರು ಗೂಡು ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಯಾರ ಮನೆಯದು ಅಂತ ಹೇಳುತ್ತಿದ್ದರು.

"ಕ್ಯಾ ಜಮಾನಾ ಬಂತು ನರಸಮ್ಮಾ," ಅಂದರು. "ಇರುವೆ ಓಡ್ಸೋಕೆ ನಾವು ನೀರಿಟ್ವಿ. ಇರುವೆ ಉಳ್ಸೋಕೆ ಇವ್ರೂ ಅದೇ ನೀರಿಡ್ತಾರೆ. ಪಾಪ, ನೀರಿಗೆ ತಲೆ ಕೆಟ್ಟೋಗ್ತದೆ."

ಆಗ ನಾನು ಎದ್ದು ನಿಂತೆ. ಎದೆಯುಬ್ಬಿಸಿ ಹೇಳಿದೆ: "ಅವ್ವಾ, ಅಳಬ್ಯಾಡ. ನಾನೇ ಆ ಕಚೇರಿಗೆ ಕೆಲಸಕ್ಕೆ ಸೇರ್ಕೊಂಡು ಒಳಗಿಂದಾನೇ ಮನೆ ಬಿಡಿಸ್ತೀನಿ. ದಸರಾ ಕಳೆದ ಮೇಲಿನ ಬೆಳೆಗೆ ಮೊಟ್ಟೆ ತಂದಿಟ್ಕೊ. ಹುಳ ಅಲ್ಲೇ ಕಟ್ಸಿಲ್ಲ ಅಂದ್ರೆ ಮೀಸೆ ಬೋಳುಸ್ಕೋತೀನಿ."

"ಇರೋ ನಾಕ್ ಕೂದ್ಲಿಗೆ ಚೌರದೋನು ಯಾಕ್ಲಾ," ಅಂದಳು ಅವ್ವ. ಆದರೂ ನನ್ನ ಮಾತಿನ ಮೇಲೆ ಮೊಟ್ಟೆಗೆ ಹೇಳಿಟ್ಟಳು.

ಕೆಲಸ ಸಿಗುವುದು ಕಷ್ಟವಾಗಲಿಲ್ಲ. ಆದಿನಾರಾಯಣಪ್ಪನವರು ಕೇಳಿದರು: "ಇರುವೆ ಬಗ್ಗೆ ನಿನಗೇನು ಗೊತ್ತು?"

"ಕಚ್ಚುತ್ತೆ ಸ್ವಾಮಿ."

"ಅಷ್ಟು ಸಾಕು. ಜಾಸ್ತಿ ಗೊತ್ತಿದ್ದೋರು ವಾದ ಮಾಡ್ತಾರೆ."

ಹೀಗೆ ನಾನು ಹಂಗಾಮಿ ಪಿಪೀಲಿಕಾ ಪಾಲಕನಾದೆ. ಖಾಕಿ ಟೋಪಿ ಕೊಟ್ಟರು. ಟೋಪಿ ಹಾಕಿಕೊಂಡು ಪೇಟೆಯಲ್ಲಿ ಹೋದರೆ ನನ್ನ ಜೊತೆ ಗೋಲಿ ಆಡಿದವರೂ ಪಕ್ಕಕ್ಕೆ ಸರಿಯುತ್ತಿದ್ದರು. ಟೋಪಿಗೆ ಹೆದರಿಯೋ, ಮೈಮೇಲೆ ಇರುವೆ ಇದ್ದಾವೆಂದೋ, ಅದನ್ನು ನಾನು ವಿಚಾರಿಸಲಿಲ್ಲ.

ಆಗ ಸಕ್ಕರೆಗೆ ರೇಷನ್ನು. ಬಾಣಂತಿಗೂ ಕಾರ್ಡಿಗಿಷ್ಟೇ ಎಂದು ಅಳೆದು ಕೊಡುತ್ತಿದ್ದರು. ಇರುವೆಗಳಿಗೂ ಒಂದು ಕಾರ್ಡು ಬಂತು. ಕುಟುಂಬದ ಯಜಮಾನರು ಎಂಬಲ್ಲಿ 'ರಾಣಿ'. ಕಸುಬು ಎಂಬಲ್ಲಿ 'ನೇಯ್ಗೆ'. ಕುಟುಂಬದ ಸದಸ್ಯರು ಎಂಬಲ್ಲಿ ಆದಿನಾರಾಯಣಪ್ಪನವರು ಬಹಳ ಹೊತ್ತು ಯೋಚಿಸಿ 'ಅಸಂಖ್ಯಾತ' ಎಂದು ತುಂಬಿದರು. ಅಸಂಖ್ಯಾತರಿಗೆ ತಕ್ಕ ಹಾಗೆ ಸಕ್ಕರೆ ಮೂಟೆಯಲ್ಲಿ ಬಂತು. ಇರುವೆಗಳು ಒಂದು ಹರಳು ತಿಂದು ಸುಮ್ಮನಾದವು. ನಿಯಮದ ಪ್ರಕಾರ, ಇರುವೆ ತಿಂದುಳಿದ ಸಕ್ಕರೆಯನ್ನು ಸಾರ್ವಜನಿಕರ ಕೈಗೆ ಸಿಗದಂತೆ ಕಚೇರಿಯ ಮುಖ್ಯಸ್ಥರೇ ಸ್ವತಃ ನಾಶಪಡಿಸತಕ್ಕದ್ದು. ಆದಿನಾರಾಯಣಪ್ಪನವರು ಅದನ್ನು ಬೆಳಗ್ಗೆ ಕಾಫಿಯಲ್ಲಿ, ಮಧ್ಯಾಹ್ನ ಕಾಫಿಯಲ್ಲಿ, ಸಂಜೆ ಕೇಸರಿಬಾತಿನಲ್ಲಿ ನಾಶಪಡಿಸುತ್ತಿದ್ದರು. ದೊಡ್ಡ ಹೊಣೆ. ಅವರ ಕೋಟಿನ ಗುಂಡಿಗಳು ಒಂದೊಂದಾಗಿ ಸೋಲತೊಡಗಿದವು.

ದಸರಾ ಬಂತು. ಕಚೇರಿಗೆ ರಜ. ರಜದಲ್ಲಿ ಸರ್ಕಾರಿ ಸ್ವತ್ತನ್ನು ಅರಗಿನ ಮುದ್ರೆ ಹಾಕಿ ಭದ್ರಪಡಿಸಬೇಕೆಂದು ನಿಯಮ. ಆದಿನಾರಾಯಣಪ್ಪನವರು ನಿಯಮ ಬಿಟ್ಟು ನಡೆದವರಲ್ಲ. ಟಿಫನ್ ಕ್ಯಾರಿಯರಿನ ಒಂದೊಂದು ಸಂದಿಗೂ ಅರಗು ಸುರಿದು, ಮುದ್ರೆ ಒತ್ತಿ, ದೀಪ ಹಿಡಿದು ಸುತ್ತಲೂ ನೋಡಿ, "ಇನ್ನು ಗಾಳಿಯೂ ಕದಿಯೋ ಹಾಗಿಲ್ಲ," ಅಂದು ಮಾವನ ಮನೆಗೆ ಹೋದರು.

ವಾಪಸ್ಸು ಬಂದು ಮುದ್ರೆ ಒಡೆದಾಗ ಮುದ್ರೆ ಸರಿಯಾಗಿತ್ತು. ಇರುವೆಗಳು ಸತ್ತಿದ್ದವು.

ನನಗೆ ಒಳಗೊಳಗೇ ಖುಷಿ. ಮನೆ ಬಿಟ್ಟಂತಾಯಿತಲ್ಲ! ಮುಖ ಸಣ್ಣದು ಮಾಡಿಕೊಂಡು ಹೇಳಿದೆ: "ಸ್ವಾಮಿ, ಇರುವೆ ಸತ್ತೋದ್ವು. ರಾಣಿ ಸಮೇತ."

"ಯಾರನ್ನ ಕೇಳಿ ಸತ್ತವು?"

"ಸ್ವಾಮಿ?"

"ಸರ್ಕಾರಿ ವಶದಲ್ಲಿರೋ ಜೀವಿ ಮೇಲಿನ ಮಂಜೂರಾತಿ ಇಲ್ಲದೆ ಸಾಯೋ ಹಾಗಿಲ್ಲ. ಅದೂ ಇರಲಿ. ಈ ಜಾತೀನ ಯಾರೂ ಸರಿಯಾಗಿ ನೋಡಿಲ್ಲ. ಇದು ಸತ್ತಾಗ ಹೀಗಿರುತ್ತೋ, ಬದುಕಿದ್ದಾಗಲೇ ಹೀಗಿರುತ್ತೋ, ಹೇಳೋಕೆ ನೀನ್ಯಾರು?"

"ಅಲುಗಾಡ್ತಾ ಇಲ್ಲವಲ್ಲ ಸ್ವಾಮಿ."

"ಬೆಂಗಳೂರಿನ ನಮ್ಮ ಹೆಡ್ ಗುಮಾಸ್ತರೂ ಅಲುಗಾಡಲ್ಲ. ಅವರನ್ನ ಹೂತುಬಿಟ್ಟಿದ್ದೀವಾ?"

"ಹಾಗಾದ್ರೆ ನಮ್ಮ ಮನೆ ಸ್ವಾಮಿ?"

"ಇರುವೆಗಳು ಖಾಲಿ ಮಾಡಿದ ಕೂಡಲೇ ಕೊಡ್ತೀವಿ ಅಂತ ತಮಟೆ ಹೊಡೆಸಿದ್ದೀವಿ. ಎಲ್ಲಿ ಖಾಲಿ ಮಾಡಿವೆ? ಇಲ್ಲೇ ಇವೆಯಲ್ಲ." ಹೀಗೆಂದು ಅವರು ಕ್ಯಾರಿಯರಿನ ಮುಚ್ಚಳ ಹಾಕಿ, ಸಕ್ಕರೆ ನಾಶಪಡಿಸುವುದಕ್ಕೆ ನಡೆದರು.

ಒಂದು ವಿಷಯ ಹೇಳಲೇಬೇಕು. ಆ ದಿನಗಳಲ್ಲಿ ವಿಜಯಪುರದ ಯಾವ ಮನೆಯಲ್ಲಿ ಬೆಲ್ಲದ ಡಬ್ಬಿ ತೆರೆದರೂ ಇರುವೆ. ಪಟೇಲರ ಮನೆಯಲ್ಲಿ ಇರುವೆ, ಮಸೀದಿಯ ಮೆಟ್ಟಿಲಲ್ಲಿ ಇರುವೆ, ಪ್ರಸಾದದ ತಟ್ಟೆಯಲ್ಲಿ ಇರುವೆ. ಇಡೀ ಊರಲ್ಲಿ ಹುಡುಕಿದರೂ ಒಂದೇ ಒಂದು ಇರುವೆ ಸಿಗದ ಜಾಗವೆಂದರೆ ಇರುವೆ ಕಚೇರಿ. ಅಟ್ಟಣಿಗೆಯ ಮೇಲೆ ಸಕ್ಕರೆ ಮೂಟೆ, ಕೆಳಗೆ ಬಟ್ಟಲು ತುಂಬ ನೀರು, ನೀರಿನ ಆಚೆ ನಿಂತು ಊರಿರುವೆಗಳು ಮೇಲೆ ನೋಡುತ್ತಿದ್ದವು. ನಾನು ನಿತ್ಯ ಬೆಳಗ್ಗೆ ಬಟ್ಟಲಿಗೆ ನೀರು ತುಂಬಿ, ಸತ್ತವು ಓಡಿಹೋಗದಂತೆ ಕಾಯುತ್ತಿದ್ದೆ.

ಅಷ್ಟರಲ್ಲಿ ಅವ್ವ ತಂದಿಟ್ಟ, ಹುಳದ ಮೊಟ್ಟೆ ಅಂಟಿದ ಹಾಳೆಗಳು ನೀಲಿಗಟ್ಟತೊಡಗಿದವು. ನೀಲಿಗಟ್ಟಿದರೆ ಬೆಳಗಾಗುವುದರೊಳಗೆ ಒಡೆಯುತ್ತವೆ. ಒಡೆದ ಹುಳಕ್ಕೆ ತಂಪು ಮನೆ ಬೇಕು, ಇರುವೆ ಹತ್ತದ ಅಟ್ಟಣಿಗೆ ಬೇಕು. ಸೋರುವ ಮನೆಯಲ್ಲಿ ಇಟ್ಟರೆ ಹೊತ್ತು ಮುಳುಗುವುದರೊಳಗೆ ಬೆಳೆ ಹೋಯಿತು, ಆ ಬೆಳೆ ಹೋದರೆ ಆ ವರ್ಷ ಹೋಯಿತು. ಅವ್ವ ಹಾಳೆಗಳನ್ನು ಎದೆಗವಚಿಕೊಂಡು ಕಚೇರಿ ಬಾಗಿಲಿಗೆ ಬಂದಳು.

"ಏನ್ಲಾ ಬೀರಾ, ಒಳಗೆ ಇರುವೆ ಐತೇನ್ಲಾ?"

"ಇಲ್ಲ ಕಣವ್ವಾ."

"ಬಟ್ಟಲಲ್ಲಿ ನೀರು?"

"ಐತೆ."

"ಬೀಗದ ಕೈ?"

"ನನ್ ಸೊಂಟದಲ್ಲೈತೆ."

"ಮತ್ತಿನ್ಯಾರ ಅಪ್ಪಣೆ ಬೇಕ್ಲಾ?"

"ಹಲಗೆ ಐತಲ್ಲವ್ವಾ. ಇರುವೆಯಲ್ಲದವರಿಗೆ ಪ್ರವೇಶವಿಲ್ಲ ಅಂತ."

"ನಂಗೆ ಓದಕ್ಕೆ ಬರಕ್ಕಿಲ್ಲ," ಅಂದು ನನ್ನ ಸೊಂಟಕ್ಕೇ ಕೈ ಹಾಕಿ ಬೀಗ ತೆಗೆದು ಒಳಗೆ ಹೋದಳು. ಮನೆ ಬಿಡಿಸುತ್ತೇನೆ ಅಂದಿದ್ದೆನಲ್ಲ, ಇದು ಅದರ ಮೊದಲ ಹೆಜ್ಜೆ.

ಮಾರನೆಯ ಬೆಳಗ್ಗೆ ಹುಳ ಒಡೆದವು. ಅವ್ವ ಕೋಳಿ ಗರಿಯಿಂದ ಅವನ್ನು ಸವರಿ ಎಳೇ ಸೊಪ್ಪಿನ ಮೇಲೆ ಬಿಟ್ಟಳು. ತಟ್ಟೆ ತುಂಬ ಕರೀ ಎಳ್ಳು ಚೆಲ್ಲಿದಂತೆ. ಆಗತಾನೆ ಒಡೆದ ರೇಷ್ಮೆ ಹುಳ ನೋಡಿದವರಿಗೆ ಗೊತ್ತು, ಅದು ಥೇಟ್ ಸಣ್ಣಿರುವೆಯ ಹಾಗೇ ಕಾಣುತ್ತದೆ. ನೋಡದವರಿಗೆ ಇನ್ನೂ ಚೆನ್ನಾಗಿ ಹಾಗೆ ಕಾಣುತ್ತದೆ.

ಅದೇ ಹೊತ್ತಿಗೆ ಇದ್ದಲು ಗ್ಯಾಸಿನ ಬಸ್ಸು ಹೊಗೆ ಉಗುಳುತ್ತ ಬಂದು ನಿಂತಿತು, ಅದರಿಂದ ಬೆಂಗಳೂರಿನ ಸ್ಪೆಷಲ್ ಆಫೀಸರು ಇಳಿದರು. ಮುಂಚೆ ತಿಳಿಸದೆ ತನಿಖೆಗೆ ಬಂದಿದ್ದರು. ಆದಿನಾರಾಯಣಪ್ಪನವರು ಪೇಟ ಸುತ್ತಿಕೊಳ್ಳುತ್ತಲೇ ಓಡಿ ಬಂದರು. ಸಾಹೇಬರು ಬಾಯಲ್ಲಿ ಚುಟ್ಟಾ ಕಚ್ಚಿಕೊಂಡು ಒಳಗೆ ಕಾಲಿಟ್ಟರು.

"ಆಚೆಗೆಸೀರಿ ಅದ್ನ!" ಅವ್ವ ಕೂಗಿದಳು. "ಹೊಗೆಸೊಪ್ಪಿನ ಗಾಳಿ ತಾಕಿದ್ರೆ ಒಂದೂ ಉಳಿಯಕ್ಕಿಲ್ಲ!"

ಸಾಹೇಬರು ಬೆಚ್ಚಿ ಚುಟ್ಟಾ ಬಿಸಾಕಿದರು. ಆದಿನಾರಾಯಣಪ್ಪನವರು ನಶ್ಯದ ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿದರು. ಸಾಹೇಬರು ತಟ್ಟೆಯ ಮೇಲೆ ಬಗ್ಗಿ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಭೇಷ್! ಎಷ್ಟೊಂದು ಸಂತತಿ! ಒಂದು ಕ್ಯಾರಿಯರಿನಿಂದ ಇಷ್ಟಾಗಿವೆಯೇ?"

ಆದಿನಾರಾಯಣಪ್ಪನವರು ತಟ್ಟೆ ನೋಡಿದರು. ಅವರೂ ಇದೇ ಸೀಮೆಯವರು. ಅವರ ತಾಯಿಯೂ ಹುಳ ಸಾಕಿದವರೇ. ನನ್ನನ್ನು ನೋಡಿದರು, ಅವ್ವನನ್ನು ನೋಡಿದರು, ಮೂಲೆಯ ಸಕ್ಕರೆ ಮೂಟೆಯನ್ನು ನೋಡಿದರು. "ಎಲ್ಲ ತಮ್ಮ ಆಶೀರ್ವಾದ," ಅಂದರು.

"ಬೆನ್ನ ಮೇಲೆ ಕೊಕ್ಕೆ ಕಾಣುತ್ತಿಲ್ಲವಲ್ಲ?"

"ದೊಡ್ಡವಾದ ಮೇಲೆ ಬರುತ್ತೆ ಸ್ವಾಮಿ," ಅಂದೆ ನಾನು. ಲೋಯರ್ ಸೆಕೆಂಡರಿ ಸುಮ್ಮನೆ ಪಾಸಾಗುವುದಿಲ್ಲ.

"ಈ ಹೆಂಗಸು ಯಾರು?"

"ಇರುವೆ ಅಲ್ಲ ಸ್ವಾಮಿ," ಎಂದು ಗಾಬರಿಯಲ್ಲಿ ಬಾಯಿಬಿಟ್ಟರು ಆದಿನಾರಾಯಣಪ್ಪನವರು.

"ಸೊಪ್ಪು ಸರಬರಾಜುದಾರಳು," ಅಂದೆ ನಾನು. "ಸಕ್ಕರೆ ತಿಂದು ತಿಂದು ಇರುವೆಗೆ ನಾಲಿಗೆ ಜಡ್ಡುಗಟ್ಟಿತ್ತು. ಸೊಪ್ಪು ಕೊಟ್ಟ ಮೇಲೆ ಚೇತರಿಸಿಕೊಂಡವು."

ಸಾಹೇಬರು ಮೆಚ್ಚಿದರು. ಇಷ್ಟು ಶಿಸ್ತಿನ ಸೊಪ್ಪು ಸರಬರಾಜುದಾರಳನ್ನು ತಾವು ಪಟಾಲಮ್ಮಿನಲ್ಲೂ ಕಂಡಿಲ್ಲವೆಂದರು. ಸಕ್ಕರೆ ನಿಲ್ಲಿಸಬೇಕೇ ಎಂದು ಅವರು ಕೇಳಿದ್ದಕ್ಕೆ ಆದಿನಾರಾಯಣಪ್ಪನವರು, ಒಮ್ಮೆಲೇ ನಿಲ್ಲಿಸಿದರೆ ಇರುವೆಗಳ ಮನಸ್ಸಿಗೆ ಪೆಟ್ಟಾಗಬಹುದು ಎಂದರು. ಬಸ್ಸು ಹೊರಟಿತು.

ಆಮೇಲೆ ನಡೆದ ಪತ್ರ ವ್ಯವಹಾರ ಚೆನ್ನಾಗಿತ್ತು. ಇರುವೆಗಳು ಬೆಳ್ಳಗಾಗಿವೆ ಎಂದು ನಾವು ತಿಳಿಸಿದೆವು. ಬೆಳ್ಳಗಾಗಿರುವುದನ್ನು ಸರ್ಕಾರ ಸಂತೋಷದಿಂದ ಗಮನಿಸಿದೆ ಎಂದು ಉತ್ತರ ಬಂತು. ಇರುವೆಗಳು ಬೆರಳುದ್ದ ಆಗಿವೆ ಎಂದೆವು. ಸರ್ಕಾರಿ ಆಹಾರದ ಮಹಿಮೆ ಎಂದರು. ಎರಡು ಕೊಕ್ಕೆಯ ಬದಲು ಒಂದೇ ಕೊಂಬು ಬಂದಿದೆ, ಅದೂ ಬಾಲದ ಮೇಲೆ ಎಂದೆವು. ಯುದ್ಧಕಾಲದ ಮಿತವ್ಯಯವನ್ನು ಇರುವೆಗಳೂ ಪಾಲಿಸುತ್ತಿರುವುದು ಸಾರ್ವಜನಿಕರಿಗೆ ಮಾದರಿ ಎಂದರು. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತದೆ, ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹಾಗೇ ತಿಳಿಸಿದೆವು. ಬೆಂಗಳೂರಿನಿಂದ ಸೀಲು ಮಾಡಿದ ಡಬ್ಬಿಯಲ್ಲಿ ಕ್ವಿನೈನ್ ಬಂತು. ಆಗ ಊರಲ್ಲಿ ಮನೆಗೊಬ್ಬರು ಚಳಿಜ್ವರದಲ್ಲಿ ನಡುಗುತ್ತಿದ್ದರು, ಆಸ್ಪತ್ರೆಯಲ್ಲಿ ಕ್ವಿನೈನ್ ಇರಲಿಲ್ಲ. ಅವರು ಇರುವೆಗಳಲ್ಲವಾದ್ದರಿಂದ ಏನೂ ಮಾಡುವ ಹಾಗಿರಲಿಲ್ಲ. ಅವ್ವ ಮಾತ್ರ ಡಬ್ಬಿಯನ್ನು ಸೊಪ್ಪಿನ ಬುಟ್ಟಿಯಲ್ಲಿ ಮುಚ್ಚಿಕೊಂಡು ಹೋಗಿ ಊರಿಗೆಲ್ಲ ಹಂಚಿ ಬಂದಳು. ಇರುವೆಗಳಿಗೆ ಜ್ವರ ಬಿಟ್ಟಿತು ಎಂದು ನಾವು ತಿಳಿಸಿದೆವು.

ಹುಳ ಚೆನ್ನಾಗಿ ಬಂದವು. ಕೊನೇ ಜ್ವರ ಎದ್ದ ಮೇಲೆ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಮಳೆ ಹನಿದಂತೆ ಕೇಳುತ್ತಿತ್ತು. ರಜಾಕ್ ಸಾಬರು ಗೋಡೆಯಾಚೆಯಿಂದಲೇ ಕೂಗುತ್ತಿದ್ದರು: "ನರಸಮ್ಮಾ, ನಿಮ್ಮ ಇರುವೆ ಊಟ ಮಾಡೋ ಸದ್ದಿಗೆ ನಮ್ಮ ಒಲೆ ಮುಂದೆ ಹೆಂಗಸರಿಗೆ ಮಾತು ಕೇಳ್ತಾ ಇಲ್ಲ. ಗೂಡು ನಂಗೇ ಕೊಡ್ಬೇಕು, ಹಾಂ?"

"ನಿಮ್ಗಲ್ದೆ ಇನ್ಯಾರಿಗೆ ಸಾಬ್ರೆ!" ಅವ್ವ ನಕ್ಕಿದ್ದನ್ನು ಆ ವರ್ಷ ನಾನು ಮೊದಲು ಕೇಳಿದ್ದು ಆಗ.

ಹುಳ ಹಣ್ಣಾಗಿ ಗೂಡು ಕಟ್ಟುವ ಹದಕ್ಕೆ ಬಂದವು. ಅವ್ವ ಅವನ್ನು ಆರಿಸಿ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಟ್ಟಳು. ಚಂದ್ರಿಕೆ ತುಂಬ ಗೂಡು, ಮೈಸೂರು ಜಾತಿಯ ತೆಳು ಹಸಿರು ಬೆರೆತ ಹಳದಿ ಗೂಡು, ಒತ್ತಿದರೆ ಬಗ್ಗದಂಥವು. ಗೂಡು ಬಿಡಿಸುವ ದಿನ ಸ್ಪೆಷಲ್ ಆಫೀಸರು ಮಿಲಿಟರಿ ಲಾರಿ ತಂದರು. ಒಂದು ಗೂಡನ್ನು ಬೆಳಕಿಗೆ ಹಿಡಿದು, "ಇರುವೆ ರೇಷ್ಮೆ," ಅಂದರು.

ಪರಿಣತರ ಅಭಿಪ್ರಾಯ ಬೇಕೆಂದು ರಜಾಕ್ ಸಾಬರನ್ನು ಕರೆಸಿದರು. ಸಾಬರು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಅವ್ವನ ಕಡೆ ನೋಡಿದರು. ಲಾರಿಯಲ್ಲಿ ಬಂದೂಕು ಹಿಡಿದು ಕೂತಿದ್ದವರ ಕಡೆ ನೋಡಿದರು.

"ಹುಜೂರ್, ನನ್ನ ಗಡ್ಡ ಬೆಳ್ಳಗಾಗಿದ್ದು ಈ ಕೆಲಸದಲ್ಲೇ. ಖುದಾ ಸಾಕ್ಷಿ, ಇಂಥ ಇರುವೆ ನಾನು ಎಲ್ಲೂ ನೋಡಿಲ್ಲ."

"ಬರೆದುಕೊಳ್ಳಿ," ಅಂದರು ಸಾಹೇಬರು. "ಇದಕ್ಕೆ ಸಮಾನವಾದ ಇರುವೆ ಬೇರೆಲ್ಲೂ ಇಲ್ಲವೆಂದು ಪರಿಣತರ ಮತ. ಗೂಡುಗಳನ್ನು ಲಾರಿಗೆ ತುಂಬಿ. ಸರ್ಕಾರಿ ಇರುವೆಯ ಉತ್ಪನ್ನ ಸರ್ಕಾರದ ಸ್ವತ್ತು."

ಅವ್ವ ಚಂದ್ರಿಕೆಗೆ ಅಡ್ಡ ನಿಂತಳು. "ಯಾರ ಸ್ವತ್ತು? ಇವು ಹುಳ ಕಣಪ್ಪಾ! ಇರುವೆ ಅಂತೆ ಇರುವೆ! ಕಣ್ಣು ಕಾಣಕ್ಕಿಲ್ವ ನಿಮ್ಗೆ? ಒಂದೊಂದು ಸೊಪ್ಪೂ ಈ ಕೈಯಾಗೆ ಹೆಚ್ಚಿ ಹಾಕಿವ್ನಿ. ನನ್ನ ಹುಳ! ನನ್ನ ಮನೆ!"

ಆದಿನಾರಾಯಣಪ್ಪನವರು ಮೊದಲ ಸಲ ನಶ್ಯ ಏರಿಸದೆ ಸೀನಿದರು.

ಸಾಹೇಬರು ಕೋಪಿಸಿಕೊಳ್ಳಲಿಲ್ಲ, ದೊಡ್ಡವರು. ಬಹಳ ಸಮಾಧಾನವಾಗಿ ಬಿಡಿಸಿ ಹೇಳಿದರು. "ನೋಡಮ್ಮ. ಇವು ಹುಳವಾದರೆ, ನೀನು ಸಂರಕ್ಷಿತ ಇರುವೆ ಪ್ರದೇಶಕ್ಕೆ ಅನ್ಯಜೀವಿಗಳನ್ನು ನುಗ್ಗಿಸಿದ ಹಾಗಾಯಿತು. ಯುದ್ಧಕಾಲ. ಗೂಡು ಜಪ್ತಿ, ಮನೆ ಜಪ್ತಿ, ಬೀಗದ ಕೈ ಇಟ್ಟುಕೊಂಡಿದ್ದ ನಿನ್ನ ಮಗ ಜೈಲಿಗೆ. ಇವು ಇರುವೆಯಾದರೆ ಯಾರಿಗೂ ತೊಂದರೆ ಇಲ್ಲ, ಗೂಡು ಮಾತ್ರ ನಮ್ಮದು. ಈಗ ನೀನೇ ಹೇಳು. ಇವು ಏನು?"

ಅವ್ವ ನನ್ನನ್ನು ನೋಡಿದಳು.

ನಾನು ಬಿಡಲಿಲ್ಲ. ಇರುವೆ ಮತ್ತು ಹುಳಕ್ಕೆ ಶಾಸ್ತ್ರೀಯವಾಗಿ ಹೆಚ್ಚು ವ್ಯತ್ಯಾಸವಿಲ್ಲವೆಂದೂ, ದೊರೆಗಳೇ ಒಪ್ಪಿದ ಮೇಲೆ ಹಳ್ಳಿಯವರು ಹಟ ಮಾಡಬಾರದೆಂದೂ, ಪ್ಯಾರಾಚೂಟಿನಲ್ಲಿ ಇಳಿಯುವ ಸಿಪಾಯಿ ಮೇಲೆ ನೋಡಿ ಇದು ಹುಳದ್ದೋ ಇರುವೆಯದ್ದೋ ಎಂದು ಕೇಳುವುದಿಲ್ಲವೆಂದೂ ಒಂದೇ ಉಸಿರಿಗೆ ಭಾಷಣ ಮಾಡಿದೆ. ನನ್ನ ಮಾತಿನ ಶಕ್ತಿ ಎಂಥದೆಂದರೆ, ನಾನು ಮುಗಿಸುವುದಕ್ಕೂ ಮುಂಚೆಯೇ ಅವ್ವ ಪಕ್ಕಕ್ಕೆ ಸರಿದಳು.

"ಇರುವೆ ಸ್ವಾಮಿ," ಅಂದಳು.

ಲಾರಿ ತುಂಬಿತು. ಕೊನೆಯ ಚಂದ್ರಿಕೆ ಏರಿಸುವಾಗ ಒಂದು ಗೂಡು ಉದುರಿ ಧೂಳಲ್ಲಿ ಬಿತ್ತು. ಅವ್ವ ಅದನ್ನೆತ್ತಿ, ಸೆರಗಲ್ಲಿ ಒರೆಸಿ, ಲಾರಿಯ ಮೇಲಿದ್ದವನ ಕೈಗೆ ಕೊಟ್ಟಳು. ಸರ್ಕಾರಿ ಸ್ವತ್ತಲ್ಲವೇ. ರಜಾಕ್ ಸಾಬರು ಅಂದು ಒಲೆ ಹಚ್ಚಲಿಲ್ಲ.

ಆಮೇಲಿನದೆಲ್ಲ ಕ್ರಮವಾಗಿಯೇ ನಡೆಯಿತು. ಸ್ಪೆಷಲ್ ಆಫೀಸರಿಗೆ ಬಡ್ತಿ ಬಂತು, ಆದಿನಾರಾಯಣಪ್ಪನವರಿಗೆ ಹೊಸ ಕೋಟು ಹೊಲಿಸಬೇಕಾಯಿತು. ಇರುವೆ ಸಾಕುವ ಮನೆಗೆ ಸಕ್ಕರೆ ಸಿಗುತ್ತದೆಂದು ತಿಳಿದ ಮೇಲೆ ಊರವರೂ ಹಿಂದೆ ಬೀಳಲಿಲ್ಲ. ಕಾರ್ಡು ಹಿಡಿದು ಸಾಲಲ್ಲಿ ನಿಂತಾಗ ಎಲ್ಲರದೂ ಇರುವೆ, ಸಂತೆಯಲ್ಲಿ ಗೂಡು ಸುರಿದಾಗ ಎಲ್ಲರದೂ ಹುಳ. ಈ ಏರ್ಪಾಟನ್ನು ಕಚೇರಿಯೂ ಒಪ್ಪಿತು, ಆದಿನಾರಾಯಣಪ್ಪನವರಿಗೆ ಮನೆಗೊಂದು ಬಟ್ಟಲು ಸಕ್ಕರೆ ನಾಶಪಡಿಸುವ ಹೊಣೆ ಹೆಚ್ಚಾಯಿತು, ಅಷ್ಟೆ.

ನಮ್ಮ ಹುಳದ ಮನೆ ಕಚೇರಿಗೇ ಉಳಿಯಿತು, ಏಕೆಂದರೆ ಇರುವೆಗಳು ಇನ್ನೂ ಖಾಲಿ ಮಾಡಿಲ್ಲ, ಕ್ಯಾರಿಯರಿನಲ್ಲೇ ಇವೆ. ಅವ್ವನಿಗೆ ಸೊಪ್ಪು ಸರಬರಾಜುದಾರಳ ಕೆಲಸ ಕಾಯಂ ಆಯಿತು. ತನ್ನ ಮನೆಗೆ ಹತ್ತು ಗಂಟೆಗೆ ಹೋಗುತ್ತಾಳೆ, ಐದು ಗಂಟೆಗೆ ಬರುತ್ತಾಳೆ. ಭಾನುವಾರ ಕಚೇರಿಗೆ ರಜ, ಅಂದು ಇರುವೆಗಳು ಉಪವಾಸ ಇರತಕ್ಕದ್ದು ಎಂದು ನಿಯಮವಿದೆ. ಅವ್ವ ಅಂದು ಕಿಟಕಿಯಿಂದ ಸೊಪ್ಪು ಎಸೆಯುತ್ತಾಳೆ, ನಾನು ಟೋಪಿ ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತೇನೆ. ಮೊನ್ನೆ ಮೋಡ ಕವಿದಾಗ ಅವಳೇ ಕೂಗಿದಳು: "ಏ ಬೀರಾ, ಬಾಗ್ಲು ಹಾಕ್ಲಾ, ಇರುವೆ ಜ್ವರಕ್ಕೆ ಕೂತವೆ, ಥಂಡಿ ಗಾಳಿ ತಾಕೀತು!" ಆಡಿದವಳಿಗೂ ನಗು ಬರಲಿಲ್ಲ, ಕೇಳಿದವನಿಗೂ ಬರಲಿಲ್ಲ.

ಯುದ್ಧ ಮುಗಿದ ಮೇಲೆ ಒಂದು ಸಭೆ ನಡೆಯಿತು. ಶಾಮಿಯಾನ, ಬ್ಯಾಂಡು, ಗುಲಾಬಿ ಹಾರ. ಇರುವೆ ರೇಷ್ಮೆಯ ಪಿತಾಮಹರೆಂದು ಮೂವರನ್ನು ಕರೆದರು: ಸ್ಪೆಷಲ್ ಆಫೀಸರು, ಆದಿನಾರಾಯಣಪ್ಪನವರು, ಮೂರನೆಯವನು ನಾನು. ಮನೆ ಬಿಟ್ಟುಕೊಡಿ ಎಂದು ಅಲ್ಲೇ ಕೇಳಬೇಕೆಂದು ರಾತ್ರಿಯೆಲ್ಲ ಮಾತು ಜೋಡಿಸಿಟ್ಟುಕೊಂಡಿದ್ದೆ. ನನ್ನ ಹೆಸರು ಕೂಗಿದಾಗ ಜನ ತಟ್ಟಿದ ಚಪ್ಪಾಳೆ ದೇವನಹಳ್ಳಿಗೆ ಕೇಳಿಸಿರಬೇಕು. ಆ ಸದ್ದಿನಲ್ಲಿ ಮಾತಾಡುವುದು ಸರಿ ಕಾಣಲಿಲ್ಲ. ಹೋಗಿ ಕೈ ಚಾಚಿದೆ.

ನನಗೆ ಕೊಟ್ಟದ್ದು ಒಂದು ಕಲ್ಲು ಬಟ್ಟಲು. ನಮ್ಮ ಅಟ್ಟಣಿಗೆಯ ನಾಲ್ಕರಲ್ಲಿ ಒಂದು. ಉಳಿದ ಮೂರು ಕಚೇರಿಯಲ್ಲಿವೆ.